ಬಾಣಂತಿಯ ರಾತ್ರಿಗಳು: ಹಾಲೂಡಿಕೆ ಮತ್ತು ವಿಶ್ರಾಂತಿ

ನವಜಾತ ಶಿಶುವಿನ ಹೊಟ್ಟೆ ಚಿಕ್ಕದಾಗಿದ್ದು ಎದೆಹಾಲು ಬೇಗ ಜೀರ್ಣವಾಗುವುದರಿಂದ, 24 ಗಂಟೆಗಳಲ್ಲಿ ಅದು 8ರಿಂದ 12 ಬಾರಿ ಹಾಲು ಕೇಳುವುದು ಸಹಜ. ರಾತ್ರಿ ಪದೇಪದೇ ಎಚ್ಚರಗೊಂಡ ಮಾತ್ರಕ್ಕೆ ಹಾಲು ಸಾಲುತ್ತಿಲ್ಲವೆಂದು ತಾಯಿ ಕೊರಗಬೇಕಿಲ್ಲ. ಹಾಲಿನ ಉತ್ಪತ್ತಿಗೆ ಕಾರಣವಾದ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿಯಲ್ಲಿಯೇ ಹೆಚ್ಚು ಸ್ರವಿಸುವುದರಿಂದ, ಮೊದಲ ವಾರಗಳಲ್ಲಿ ರಾತ್ರಿಯ ಹಾಲೂಡಿಕೆಯನ್ನು ತಪ್ಪಿಸದಿರುವುದು ಒಳಿತು.

ಮಲಗುವ ಮುನ್ನವೇ ಕುಡಿಯುವ ನೀರು, ಒಣಬಟ್ಟೆ, ಲಂಗೋಟಿಗಳನ್ನು ಕೈಗೆಟಕುವಂತೆ ಇಟ್ಟುಕೊಂಡು, ಮಂದ ಬೆಳಕಿನಲ್ಲಿ ಹಾಲೂಡಿಸಿರಿ. ಬಟ್ಟೆ ಬದಲಿಸುವ, ತೇಗಿಸುವ, ಮರಳಿ ಮಲಗಿಸುವ ಕೆಲಸಗಳನ್ನು ಪತಿಗೋ ಅಮ್ಮನಿಗೋ ಸಂಕೋಚವಿಲ್ಲದೆ ಒಪ್ಪಿಸಿರಿ. ತೂಕಡಿಕೆ ಬರುತ್ತಿರುವಾಗ ಸೋಫಾ ಅಥವಾ ಕುರ್ಚಿಯಲ್ಲಿ ಕುಳಿತು ಹಾಲೂಡಿಸಲೇಬಾರದು, ಏಕೆಂದರೆ ತಾಯಿ ಅಲ್ಲಿಯೇ ನಿದ್ರೆಗೆ ಜಾರಿದರೆ ಮಗು ಸಂದಿಯಲ್ಲಿ ಸಿಲುಕಿ ಉಸಿರುಗಟ್ಟುವ ಅಪಾಯವಿದೆ.

ಹಗಲಿನಲ್ಲಿ ಮಗು ಮಲಗಿದಾಗ ನೀವೂ ಮಲಗಿರಿ. ನೋಡಲು ಬಂದ ನೆಂಟರು ಸ್ವಲ್ಪ ಕಾಯಲಿ. ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿ ನಮ್ಮ ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಹಾಲೂಡಿಸುವ ತಾಯಿಗೆ ಬಾಯಾರಿಕೆ ಹೆಚ್ಚಾಗುವುದು ಸ್ವಾಭಾವಿಕವಾದ್ದರಿಂದ ಹಿರಿಯರು ದಯವಿಟ್ಟು ಇದನ್ನು ಕೈಬಿಡಬೇಕು. ರಕ್ತಹೀನತೆಯೂ ಸುಸ್ತಿಗೆ ಕಾರಣವಾಗುವುದರಿಂದ, ಹೆರಿಗೆಯ ನಂತರ 180 ದಿನ ಸೇವಿಸಲು ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಗಳನ್ನು ನಿಲ್ಲಿಸಬೇಡಿರಿ.

ಅಳು, ಭಯ ಅಥವಾ ಮಗುವಿನ ಬಗ್ಗೆ ನಿರಾಸಕ್ತಿ ಎರಡು ವಾರ ಮೀರಿದರೆ ವೈದ್ಯರನ್ನು ಕಾಣಿರಿ, ಇಲ್ಲವೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿರಿ.