ಜೈಲಿನಲ್ಲಿ ಏಟು ತಿಂದವನಿಗೆ ಪರಿಹಾರ ಕೊಡಿಸಿದ ಬಗೆ

ವಿಚಾರಣಾಧೀನ ಕೈದಿಗೆ ಜೈಲಿನೊಳಗೆ ಇನ್ನೊಬ್ಬ ಕೈದಿ ಹೊಡೆದರೆ ಸರ್ಕಾರ ದುಡ್ಡು ಕೊಡುತ್ತದೆಯೇ? ಕೊಡುತ್ತದೆ. ನನ್ನ ಕಕ್ಷಿದಾರನಿಗೆ ಹೆಚ್ಚುಕಡಿಮೆ ಎರಡೂವರೆ ಲಕ್ಷ ಬಂತು, ಬಡ್ಡಿ ಬೇರೆ. ಕೋರ್ಟಿನ ಬಾರ್ ರೂಮಿನಲ್ಲಿ ನಕ್ಕ ವಕೀಲರೇ ಈಗ ರಿಟ್ ಅರ್ಜಿಯ (ಹಕ್ಕಿಗೆ ಧಕ್ಕೆಯಾದಾಗ ನೇರವಾಗಿ ಹೈಕೋರ್ಟಿಗೆ ಹಾಕುವ ಅರ್ಜಿ) ನಕಲು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ನಗುವುದಕ್ಕೂ ಕಾರಣ ಇತ್ತು ಬಿಡಿ. ಪೊಲೀಸರೋ ಜೈಲು ಕಾವಲಿನ ವಾರ್ಡರೋ ಹೊಡೆದಿದ್ದರೆ, ಪೊಲೀಸ್ ವಶದಲ್ಲಿ ಸತ್ತವನ ತಾಯಿಗೆ ಸರ್ಕಾರದಿಂದ ಪರಿಹಾರ ಕೊಡಿಸಿದ ಸುಪ್ರೀಂ ಕೋರ್ಟಿನ 1993ರ ನೀಲಬತಿ ಬೆಹೆರಾ ತೀರ್ಪು ಹಿಡಿದುಕೊಂಡು ಹೋಗಬಹುದು. ಕೈದಿಯೇ ಹೊಡೆದಾಗ ‘ಅವನ ಮೇಲೆ ಕೇಸು ಹಾಕಿ, ನಾವೇನು ಮಾಡೋಣ’ ಎನ್ನುತ್ತದೆ ಇಲಾಖೆ. ಜೈಲಿನಲ್ಲಿ ಸತ್ತರೆ ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಲೇಬೇಕು. ಅಸಹಜವಾಗಿ ಸತ್ತ ಕೈದಿಗಳ ಮನೆಯವರಿಗೆ ಪರಿಹಾರ ಸಿಗುವಂತೆ ನೋಡಿ ಅಂತ 2017ರಲ್ಲಿ ಸುಪ್ರೀಂ ಕೋರ್ಟೇ ಹೈಕೋರ್ಟುಗಳಿಗೆ ಹೇಳಿತು. ಕೈ ಮುರಿಸಿಕೊಂಡು ಬದುಕಿ ಉಳಿದವನಿಗೆ ಇಂಥ ಯಾವ ಅನುಕೂಲವೂ ಇಲ್ಲ.

ಇದಕ್ಕೆ ಮುಂಚೆ ಇನ್ನೊಬ್ಬನಿಗೆ ರಿಟ್ ಹಾಕಿದ್ದೆ. ‘ಜಗಳ ಶುರು ಮಾಡಿದ್ದು ಯಾರು ಅನ್ನೋದೇ ವಿವಾದ, ಸಾಕ್ಷ್ಯ ಬೇಕು, ಸಿವಿಲ್ ಕೋರ್ಟಿಗೆ ಹೋಗಿ’ ಎಂದು ವಿಲೇವಾರಿ ಆಯಿತು. ಸಿವಿಲ್ ದಾವೆ ಎಂದರೆ ಕೇಳಿದ ಮೊತ್ತದ ಮೇಲೆ ಕೋರ್ಟ್ ಫೀ. ಕಟ್ಟಲಾಗದು ಅಂತ ಅರ್ಜಿ ಹಾಕಿದರೆ ಅದರ ವಿಚಾರಣೆಗೇ ಕಾಲ ಹೋಗುತ್ತದೆ. ಅಷ್ಟರಲ್ಲಿ ಅವನಿಗೆ ಜಾಮೀನು ಸಿಕ್ಕಿತು, ಆಸಾಮಿ ನಾಪತ್ತೆ. ಟೈಪಿಂಗ್, ಓಡಾಟ ಎಲ್ಲ ಸೇರಿ ಹದಿನೈದು ಸಾವಿರದಷ್ಟು ನನ್ನ ಜೇಬಿನಿಂದಲೇ ಹೋಯಿತು.

ಈ ಸಲ ಕೈಹಿಡಿದಿದ್ದು ಒಂದು ಪುಟದ ಮೆಮೊ, ಅಂದರೆ ಕೋರ್ಟಿಗೆ ಕೊಡುವ ಚಿಕ್ಕ ಲಿಖಿತ ಮನವಿ. ಹಲ್ಲೆಗೆ ಎರಡು ಮೂರು ವಾರ ಮುಂಚೆ ಕಕ್ಷಿದಾರ ನನ್ನ ಹತ್ತಿರ ‘ಸಾರ್, ಬ್ಯಾರಕ್ಕಿನಲ್ಲಿ ಒಬ್ಬ ಬೆದರಿಸ್ತಿದ್ದಾನೆ’ ಅಂದಿದ್ದ. ಇಂಥ ಮಾತು ಕಿವಿಗೆ ಬಿದ್ದರೆ ನಾನು ಸುಮ್ನೆ ಬಿಡುವವನಲ್ಲ. ಮ್ಯಾಜಿಸ್ಟ್ರೇಟ್ ಮುಂದೆ ಮೆಮೊ ಹಾಕಿ, ‘ಸೂಪರಿಂಟೆಂಡೆಂಟ್ ಕ್ರಮ ಕೈಗೊಳ್ಳಲಿ’ ಎಂದು ಆರ್ಡರ್ ಶೀಟಿನಲ್ಲಿ (ಕೋರ್ಟಿನ ಆಯಾ ದಿನದ ಆದೇಶ ಬರೆಯುವ ಹಾಳೆ) ಬರೆಸಿದ್ದೆ. ಜೈಲಿನವರು ಏನೂ ಮಾಡಲಿಲ್ಲ, ಬ್ಯಾರಕ್ ಕೂಡ ಬದಲಿಸಲಿಲ್ಲ. ಹಲ್ಲೆ ಆದಮೇಲೆ ಆ ಆರ್ಡರ್ ಶೀಟಿನ ಸರ್ಟಿಫೈಡ್ ಕಾಪಿಗೆ (ಕೋರ್ಟು ದೃಢೀಕರಿಸಿದ ನಕಲು) ಅರ್ಜಿ ಹಾಕಿದೆ. ಜೊತೆಗೆ ಸುಪ್ರೀಂ ಕೋರ್ಟಿನ 2000ದ ಚಲ್ಲಾ ರಾಮಕೃಷ್ಣ ರೆಡ್ಡಿ ತೀರ್ಪು ಇಟ್ಟೆ. ಆಂಧ್ರದ ಕೋಯಿಲಕುಂಟ್ಲ ಸಬ್‌ಜೈಲಿನ ಕೊಠಡಿಗೆ 1977ರಲ್ಲಿ ಬಾಂಬ್ ಎಸೆದ ಪ್ರಕರಣ ಅದು. ಒಳಗಿದ್ದ ತಂದೆ-ಮಗನಲ್ಲಿ ತಂದೆ ಸತ್ತರು, ಮಗನಿಗೆ ಗಾಯ ಆಯಿತು. ಬಾಂಬ್ ಎಸೆದವರು ಸರ್ಕಾರದವರೇನಲ್ಲ. ಆದರೆ ದಾಳಿಯ ಭಯ ಇದೆ ಅಂತ ಮೊದಲೇ ಹೇಳಿದ್ದರೂ ಕಾವಲು ಸರಿಯಾಗಿರಲಿಲ್ಲ. ಸರ್ಕಾರ 1,44,000 ರೂಪಾಯಿ ಕೊಡಬೇಕಾಯಿತು. ಹೈಕೋರ್ಟಿನ ನ್ಯಾಯಾಧೀಶರಿಗೆ ನಾನು ಹೇಳಿದ್ದೂ ಇಷ್ಟೇ: ಹೊಡೆದವನ ವಿಷಯ ಪಕ್ಕಕ್ಕಿರಲಿ, ಗೊತ್ತಿದ್ದೂ ತಡೆಯದವರ ಬಗ್ಗೆ ಮಾತಾಡೋಣ.

ಸರ್ಕಾರದ ಆಕ್ಷೇಪಣೆಯಲ್ಲಿ ಎಂದಿನ ಸಾಲು: ‘ಶೌಚಾಲಯದಲ್ಲಿ ಜಾರಿ ಬಿದ್ದು ಗಾಯವಾಗಿದೆ.’ ಇಲ್ಲಿ ಎಕ್ಸ್‌ರೇ ಕೆಲಸಕ್ಕೆ ಬಂತು. ಜಾರುವವರು ಸಾಮಾನ್ಯವಾಗಿ ಅಂಗೈ ಊರುತ್ತಾರೆ, ಮಣಿಕಟ್ಟಿನ ಹತ್ತಿರ ಮುರಿಯುತ್ತದೆ. ಇವನಿಗೆ ಮುರಿದಿದ್ದು ಮುಂಗೈ ನಡುವೆ, ಕಿರುಬೆರಳಿನ ಕಡೆಯ ಅಲ್ನಾ ಮೂಳೆ ಒಂದೇ. ತಲೆಗೆ ಬೀಳುವ ಏಟನ್ನು ತಡೆಯಲು ಕೈ ಎತ್ತಿದಾಗ ಹೀಗಾಗುವುದು ಜಾಸ್ತಿ. ವೈದ್ಯರು ಇದನ್ನು ಪೊಲೀಸ್ ಲಾಠಿಯ ಹೆಸರಿನಲ್ಲಿ ನೈಟ್‌ಸ್ಟಿಕ್ ಫ್ರ್ಯಾಕ್ಚರ್ ಅಂತಲೇ ಕರೆಯುತ್ತಾರೆ. ಗಾಯದ ಬಗ್ಗೆ ವೈದ್ಯರು ಕೊಡುವ ವೂಂಡ್ ಸರ್ಟಿಫಿಕೇಟಿನಲ್ಲಿ ಇದ್ದದ್ದು ಬರೀ ‘ಕೈ ಮೂಳೆ ಮುರಿತ’. ಫಿಲ್ಮನ್ನು ಮೂಳೆ ವೈದ್ಯರೊಬ್ಬರಿಗೆ ತೋರಿಸಿ ಅಭಿಪ್ರಾಯ ಬರೆಸಿಕೊಂಡೆ, ಮೂರು ಸಾವಿರ ಆಯಿತು. ಇಡೀ ಕೇಸಿನಲ್ಲಿ ಇಷ್ಟು ಸಾರ್ಥಕವಾದ ಖರ್ಚು ಬೇರೆ ಇಲ್ಲ.

ಹಲ್ಲೆ ಆದಮೇಲೆ ಅವನನ್ನು ವೀಡಿಯೊ ಕಾನ್ಫರೆನ್ಸಿನಲ್ಲೇ ಹಾಜರುಪಡಿಸುತ್ತಿದ್ದರು. ಪರದೆಯಲ್ಲಿ ಮುಖ ಮಾತ್ರ ಕಾಣುತ್ತದೆ, ಬ್ಯಾಂಡೇಜ್ ಕಾಣುವುದಿಲ್ಲ. ಖುದ್ದಾಗಿ ಕರೆತರಲಿ ಎಂದು ಹಟ ಹಿಡಿದೆ. ಸಿಸಿಟಿವಿ ಕೇಳಿದಾಗ ‘ಅಳಿಸಿಹೋಗಿದೆ’ ಎಂಬ ಉತ್ತರ ಬಂತು. ಆ ದಿನದ ವಾರ್ಡರ್ ಡ್ಯೂಟಿ ಪಟ್ಟಿ ಮಾತ್ರ ನನ್ನ ಕೈ ಸೇರಿತ್ತು. ಕಾನೂನು ದಾರಿಯಲ್ಲೇ ಸೇರಿತು, ಆದರೆ ಯಾವ ಅರ್ಜಿಯಲ್ಲಿ ಏನು ಕೇಳಿದೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಎದುರು ಪಕ್ಷದವರೂ ಓದುತ್ತಾರೆ, ಅಲ್ವಾ?

‘ಕೊಲೆ ಯತ್ನದ ಆರೋಪಿಗೆ ಜನರ ತೆರಿಗೆ ದುಡ್ಡು ಯಾಕೆ’ ಎಂದು ಮನೆಯಲ್ಲೂ ಕೇಳಿದರು. ಹೊರಗಿರುವ ನಾನು ಹೊಡೆಯಲು ಬಂದವನಿಂದ ಓಡಬಹುದು, ಬಾಗಿಲು ಹಾಕಿಕೊಳ್ಳಬಹುದು, ಪೊಲೀಸರಿಗೆ ಫೋನ್ ಮಾಡಬಹುದು. ಅವನಿಗೆ ಈ ಮೂರೂ ಇಲ್ಲ, ಬಾಗಿಲಿನ ಬೀಗದ ಕೈ ಸರ್ಕಾರದ ಹತ್ತಿರ. ಅಪರಾಧ ಸಾಬೀತಾದವನಿಗೂ ಇದೇ ಮಾತು. ನ್ಯಾಯಾಧೀಶರು ವಿಧಿಸುವುದು ಸೆರೆವಾಸ, ಕೈ ಮುರಿಯುವ ಶಿಕ್ಷೆ ಯಾವ ತೀರ್ಪಿನಲ್ಲೂ ಇರುವುದಿಲ್ಲ. ಹಾಗಂತ ತಾನೇ ಕೈ ಮಾಡಿ ಏಟು ತಿಂದವನಿಗೂ ಕೊಡಿ ಎನ್ನಲಾರೆ. ಅಂಥ ಕೇಸು ನಾನು ತೆಗೆದುಕೊಳ್ಳುವುದೂ ಇಲ್ಲ.

ಆದೇಶ ಆದಮೇಲೂ ಹಣ ತಾನಾಗಿ ಬರಲಿಲ್ಲ. ನ್ಯಾಯಾಂಗ ನಿಂದನೆ ಅರ್ಜಿಯ ನೋಟಿಸು ತಲುಪಿದ ಮೇಲೆ ಖಾತೆಗೆ ಬಿತ್ತು. ಈಗ ಇನ್ನೊಂದು ರಿಟ್ ಹಾಕಿದ್ದೇನೆ. ಅದರಲ್ಲಿ ಮೆಮೊ ಇಲ್ಲ, ಎಕ್ಸ್‌ರೇ ಮಾತ್ರ ಇದೆ. ಆಕ್ಷೇಪಣೆ ಸಲ್ಲಿಸಲು ಸರ್ಕಾರಿ ವಕೀಲರು ಮತ್ತೆ ಸಮಯ ಕೇಳಿದ್ದಾರೆ.