ಹೃದಯದ ಆಪರೇಷನ್‌ಗೆ ಮುಂಚೆ ಮೋಷನ್ ಸ್ಯಾಂಪಲ್: ಫ್ರೀಜರ್ ಇಲ್ಲದೆ ನಾನು ಮಾಡಿದ ರೀತಿ

ಹೃದಯದ ಆಪರೇಷನ್ ಆದ ಮೇಲೆ ಕಿಡ್ನಿಗೆ ಬೀಳುವ ಪೆಟ್ಟಿಗೂ ಕರುಳಿನ ಬ್ಯಾಕ್ಟೀರಿಯಾಕ್ಕೂ ಇರುವ ನಂಟು ಹುಡುಕುವುದು ನಮ್ಮ ಕೆಲಸ. ಹಳ್ಳಿಯ ಪೇಷಂಟ್ ಮನೆಯಲ್ಲೇ ಮೋಷನ್ (ಮಲ) ಸ್ಯಾಂಪಲ್ ತೆಗೆದು, ಬಸ್ಸಿನಲ್ಲಿ ಮೈಸೂರಿಗೆ ತಂದುಕೊಟ್ಟು, ಅದರಿಂದ ಸೀಕ್ವೆನ್ಸಿಂಗ್‌ಗೆ (ಡಿಎನ್‌ಎ ಓದಿ ಬ್ಯಾಕ್ಟೀರಿಯಾ ಗುರುತಿಸುವುದಕ್ಕೆ) ಆಗುವಂಥ ಡಿಎನ್‌ಎ ಬರುತ್ತದೆ ಎಂದರೆ ನಮ್ಮಲ್ಲಿ ಯಾರೂ ನಂಬಿರಲಿಲ್ಲ. ಈಗ ಬರುತ್ತಿದೆ. ಹತ್ತು ಟ್ಯೂಬ್ ಕೊಟ್ಟರೆ ಹತ್ತಿರ ಹತ್ತಿರ ಎಂಟು ವಾಪಸ್ ಬರುತ್ತವೆ. ಅದರಲ್ಲಿ ಒಂದು ಹೆಚ್ಚು ಕಡಿಮೆ ಬಿಟ್ಟರೆ ಎಲ್ಲವೂ ಪಿಸಿಆರ್‌ನಲ್ಲಿ (ಡಿಎನ್‌ಎ ನಕಲು ಹೆಚ್ಚಿಸಿ ನೋಡುವ ಪರೀಕ್ಷೆ) ಚೆನ್ನಾಗಿಯೇ ಬ್ಯಾಂಡ್ ಕೊಡುತ್ತವೆ. ಮೈಸೂರು, ಮಂಡ್ಯ ಕಡೆಯ ಲ್ಯಾಬ್‌ಗಳಲ್ಲಿ ಇದೇ ಕೆಲಸಕ್ಕೆ ಕೈ ಹಾಕಿ, ದುಡ್ಡಿಲ್ಲ ಅಂತ ಬಿಟ್ಟವರು ಕೆಲವರು ಗೊತ್ತು. ಅವರಿಗಾಗಿ ಬರೆಯುತ್ತಿದ್ದೇನೆ.

ಹಿನ್ನೆಲೆ ನಿಮಗೆ ಗೊತ್ತಿರುವುದೇ. ಬೈಪಾಸ್, ವಾಲ್ವ್ ಆಪರೇಷನ್ ಆದವರಲ್ಲಿ ನೂರಕ್ಕೆ 20ರಿಂದ 30 ಜನರಿಗೆ ಕಿಡ್ನಿಗೆ ಸ್ವಲ್ಪವಾದರೂ ಪೆಟ್ಟು ಬೀಳುತ್ತದೆ. ಹೃದಯದ ಕೆಲಸ ಮಾಡುವ ಪಂಪ್ ಮೇಲೆ ಇರುವಾಗ ಕರುಳಿಗೆ ರಕ್ತ ಕಡಿಮೆ, ಕರುಳಿನ ಗೋಡೆ ಸಡಿಲ, ಬ್ಯಾಕ್ಟೀರಿಯಾದ ವಿಷ ಎಂಡೋಟಾಕ್ಸಿನ್ ರಕ್ತಕ್ಕೆ. ಒಂದು ಕಡೆ ಕರುಳಿನ ಬ್ಯಾಕ್ಟೀರಿಯಾ ಪ್ರೋಟೀನ್ ಒಡೆಯುವುದರಿಂದ ಬರುವ ಇಂಡಾಕ್ಸಿಲ್ ಸಲ್ಫೇಟ್, ಪಿ-ಕ್ರೆಸಿಲ್ ಸಲ್ಫೇಟ್‌ನಂಥ ಕಿಡ್ನಿಗೆ ಆಗದ ಸರಕು. ಇನ್ನೊಂದು ಕಡೆ ಅವೇ ಬ್ಯಾಕ್ಟೀರಿಯಾ ನಾರಿನಿಂದ ಮಾಡುವ ಒಳ್ಳೆಯ ಸರಕು ಅಸಿಟೇಟ್, ಬ್ಯೂಟಿರೇಟ್. ಇಲಿಗಳ ಕಿಡ್ನಿಗೆ ರಕ್ತ ನಿಲ್ಲಿಸಿ ಬಿಟ್ಟ ಪ್ರಯೋಗಗಳಲ್ಲಿ ಅಸಿಟೇಟ್ ಕೊಟ್ಟವು ಕಡಿಮೆ ಏಟು ತಿಂದಿವೆ. ಹಾಗಾದರೆ ಆಪರೇಷನ್‌ಗೆ ಮುಂಚೆಯೇ ಯಾರ ಕರುಳು ಹೇಗಿತ್ತು ಅಂತ ನೋಡಬೇಕಲ್ವಾ? ಆ "ಮುಂಚೆ" ಎನ್ನುವುದೇ ಇಡೀ ಕೆಲಸದ ಗಂಟು.

ಅಡ್ಮಿಟ್ ಆದ ಮೇಲೆ ವಾರ್ಡ್‌ನಲ್ಲೇ ತೆಗೆದರಾಯಿತು ಅಂತ ಎಲ್ಲರೂ ಹೇಳುತ್ತಾರೆ. ನಾವು ಶುರು ಮಾಡಿದ್ದೂ ಹಾಗೆಯೇ. ಮೊದಲ ಬ್ಯಾಚ್‌ನಲ್ಲಿ ಉಪಯೋಗಕ್ಕೆ ಬಂದದ್ದು ಕಾಲು ಭಾಗವೂ ಇಲ್ಲ. ಹಿಂದಿನ ರಾತ್ರಿ ಹೊಟ್ಟೆ ಖಾಲಿ ಮಾಡಲು ಔಷಧಿ ಕೊಟ್ಟಿರುತ್ತಾರೆ. ಬೆಳಿಗ್ಗೆ ಥಿಯೇಟರ್‌ಗೆ ಹೋಗುವ ಹೊತ್ತಿಗೆ ಆಂಟಿಬಯೋಟಿಕ್ ಒಳಗೆ ಹೋಗಿರುತ್ತದೆ. ಆಪರೇಷನ್ ಆದ ಮೇಲೆ ನೋವಿಗೆ ಕೊಡುವ ಫೆಂಟನಿಲ್, ಮಾರ್ಫಿನ್ ದೆಸೆಯಿಂದ ಎರಡು ಮೂರು ದಿನ ಮೋಷನ್ನೇ ಆಗುವುದಿಲ್ಲ. ಆದಾಗ ಅದು ಪೇಷಂಟ್‌ನ ಕರುಳಿನ ಕಥೆ ಅಲ್ಲ, ಐಸಿಯುನ ಕಥೆ. ಕಿಡ್ನಿ ಕೆಟ್ಟವರಿಗೆ ಔಷಧಿಯೂ ಜಾಸ್ತಿ ಬಿದ್ದಿರುತ್ತದೆ. ಬ್ಯಾಕ್ಟೀರಿಯಾ ಬದಲಾಗಿದ್ದರಿಂದ ಕಿಡ್ನಿ ಕೆಟ್ಟಿತೋ, ಕಿಡ್ನಿ ಕೆಟ್ಟಿದ್ದರಿಂದ ಬ್ಯಾಕ್ಟೀರಿಯಾ ಬದಲಾಯಿತೋ, ಬಿಡಿಸಲು ಆಗುವುದೇ ಇಲ್ಲ. ಅಂಥ ಸ್ಯಾಂಪಲ್ ಮೇಲೆ ಬರೆದ ಪ್ರಬಂಧ ನೋಡಿದರೆ ನನಗೆ ಸಂಕಟವಾಗುತ್ತದೆ.

ಆಂಜಿಯೋಗ್ರಾಂ ಆದ ಮೇಲೆ ತುರ್ತು ಇಲ್ಲದವರಿಗೆ ಆಪರೇಷನ್ ಡೇಟ್ ಸಿಗಲು ಕೆಲವು ವಾರ ಬೇಕು. ಆ ಅವಧಿಯೇ ನಮಗೆ ಚಿನ್ನ. ಡೇಟ್ ಕೊಡುವ ದಿನವೇ ಟ್ಯೂಬ್ ಕೈಗೆ ಕೊಡಬೇಕು. ಇದನ್ನು ಮೀಟಿಂಗ್‌ನಲ್ಲಿ ಹೇಳಿದಾಗ ಹಿರಿಯರೊಬ್ಬರು, "ಮಳವಳ್ಳಿಯಿಂದ ಅದನ್ನ ಯಾರು ಮೇಡಂ ಹೊತ್ಕೊಂಡ್ ಬರ್ತಾರೆ? ಸುಮ್ನೆ ದುಡ್ಡು ಹಾಳು" ಅಂದರು. ನಾಗಮಂಗಲದ ಒಬ್ಬ ಅಜ್ಜಿಯೂ ಕೇಳಿದರು: "ಆಪ್ರೇಸನ್ ಎದೆಗಲ್ವಾ, ಇದ್ಯಾಕವ್ವ?" ಎರಡನೆಯದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಟ್ಟರೆ ಮೊದಲನೆಯದು ತಾನೇ ಬಿದ್ದುಹೋಗುತ್ತದೆ. ಟ್ಯೂಬ್ ಹಿಡಿಯುವ ಪಾಠ ಪೇಷಂಟ್‌ಗೆ ಬೇಡ, ಅವರಿಗೆ ಆಗಲೇ ಭಯ ತುಂಬಿರುತ್ತದೆ. ಒಪ್ಪಿಗೆ ಪತ್ರ ಅವರದ್ದೇ, ಅದರಲ್ಲಿ ರಾಜಿ ಇಲ್ಲ. ಆದರೆ ಟ್ಯೂಬ್ ಹೇಗೆ ಹಿಡಿಯಬೇಕು ಅನ್ನುವುದನ್ನು ಜೊತೆಗೆ ಬಂದ ಹೆಂಡತಿಗೆ, ಮಗಳಿಗೆ, ಸೊಸೆಗೆ ತೋರಿಸಿ. ಕಡಲೆಕಾಳು ಗಾತ್ರ ಸಾಕು ಅಂತ ಹಿಟ್ಟಿನ ಉಂಡೆ ಮಾಡಿ ತೋರಿಸುತ್ತೇನೆ. ಟ್ಯೂಬ್ ಮರೆಯದೆ ವಾಪಸ್ ಬರಲು ಇನ್ನೊಂದು ಉಪಾಯ ಇದೆ. ಅದನ್ನು ನಮ್ಮ ಪ್ರಬಂಧ ಹೊರಬರುವವರೆಗೆ ಹೇಳುವುದಿಲ್ಲ.

ಟ್ಯೂಬ್ ವಿಷಯಕ್ಕೆ ಬರುತ್ತೇನೆ. ಮೊದಲು ವಾರ್ಡ್ ಸ್ಪಿರಿಟ್‌ನಲ್ಲಿ, ಅಂದರೆ 70 ಪರ್ಸೆಂಟ್ ಆಲ್ಕೋಹಾಲ್‌ನಲ್ಲಿ ಹಾಕಿದ್ದೆವು. ಎರಡು ವಾರ ಕಳೆದರೆ ಜೆಲ್ ಮೇಲೆ ಬರೀ ಸ್ಮಿಯರ್, ಅಂದರೆ ಡಿಎನ್‌ಎ ಚೂರುಚೂರು. ಮೋಷನ್ನಿನ ನೀರೂ ಸೇರಿ ಅದು ಇನ್ನೂ ತೆಳುವಾಗುತ್ತದೆ. 95 ಪರ್ಸೆಂಟ್ ಅಥವಾ ಅದಕ್ಕಿಂತ ಗಟ್ಟಿ ಎಥನಾಲ್ ಬೇಕೇ ಬೇಕು. ಒಂದು ಪಾಲು ಮೋಷನ್‌ಗೆ ಕನಿಷ್ಠ ಐದು ಪಾಲು. ಮುಚ್ಚಳದಲ್ಲಿ ರಬ್ಬರ್ ರಿಂಗ್ ಇರುವ ತಿರುಪು ಟ್ಯೂಬ್ ತಗೊಳ್ಳಿ, ಒತ್ತಿ ಮುಚ್ಚುವುದು ಬಸ್ಸಿನ ಕುಲುಕಾಟಕ್ಕೆ ತೆರೆದುಕೊಳ್ಳುತ್ತದೆ. ಹೆಸರು, ನಂಬರ್ ಪೆನ್ಸಿಲ್‌ನಲ್ಲೇ ಬರೆಯಿರಿ. ಎಥನಾಲ್ ಒಂದು ಹನಿ ಸೋರಿದರೂ ಮಾರ್ಕರ್ ಅಕ್ಷರ ಮಾಯ. ಒಲೆ ಹತ್ತಿರ ಇಡಬೇಡಿ, ಮಕ್ಕಳ ಕೈಗೆ ಕೊಡಬೇಡಿ ಅಂತ ಚಿತ್ರ ಹಾಕಿದ ಚೀಟಿ ಅಂಟಿಸಿ. ಕೊರಿಯರ್‌ನವರು ಆಲ್ಕೋಹಾಲ್ ಅಂದ ತಕ್ಷಣ ಬೇಡ ಅಂತಾರೆ. ಆದ್ದರಿಂದ ಅಡ್ಮಿಟ್ ಆಗಲು ಬರುವ ದಿನ ಅವರೇ ಕೈಯಲ್ಲಿ ತರುವುದು ಒಳ್ಳೆಯದು.

ಹಿಡಿಯುವುದಕ್ಕೆ ಬಾಳೆ ಎಲೆ ಹಾಸಿ ಅಂತ ಮೊದಲು ಕೆಲವರಿಗೆ ಹೇಳಿದ್ದುಂಟು. ಬಾಳೆ ಎಲೆ ಬೇಡ. ಬ್ಯಾಕ್ಟೀರಿಯಾ ಗುರುತಿಸಲು ಪಿಸಿಆರ್‌ಗೆ ಹಾಕುವ 16ಎಸ್ ಪ್ರೈಮರ್, ಎಲೆಯ ಹಸಿರು ಕಣವಾದ ಕ್ಲೋರೋಪ್ಲಾಸ್ಟ್‌ನ ಡಿಎನ್‌ಎಯನ್ನೂ ಹಿಡಿದುಕೊಳ್ಳುತ್ತದೆ. ಉಪ್ಸಾರು, ಬಸ್ಸಾರಿನ ಸೊಪ್ಪಿನಿಂದಲೇ ನಮ್ಮ ಕಡೆಯವರಲ್ಲಿ ಸಾಕಷ್ಟು ಬರುತ್ತದೆ, ಎಲೆ ಬೇರೆ ಯಾಕೆ? ಪ್ಲಾಸ್ಟಿಕ್ ಹಾಳೆ ಕೊಡಿ. ನಡುಭಾಗದಿಂದ ಕಡ್ಡಿಯಲ್ಲಿ ತೆಗೆಯಲಿ, ನೀರು ತಾಗಬಾರದು. ಮೋಷನ್ ಗಟ್ಟಿಯೋ ತೆಳುವೋ ಅಂತ ತೋರಿಸುವ ಬ್ರಿಸ್ಟಲ್ ಚಿತ್ರದ ಏಳು ಬಗೆಯಲ್ಲಿ ಯಾವುದು ಅಂತ ಗುರುತು ಹಾಕಿಸಲೇಬೇಕು. ಮಲಬದ್ಧತೆ ಇದ್ದವರ ಬ್ಯಾಕ್ಟೀರಿಯಾ ಬೇರೆ, ಬೇಧಿ ಇದ್ದವರದು ಬೇರೆ. ಆಸಿಡಿಟಿಯ ಪ್ಯಾಂಟಪ್ರಜೋಲ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ತಗೊಳ್ಳುತ್ತಾರಾ ಅನ್ನುವುದೂ ಅದೇ ಚೀಟಿಯಲ್ಲಿ ಇರಲಿ. ಹೃದಯದ ಪೇಷಂಟ್‌ಗಳಲ್ಲಿ ಇವೆರಡೂ ಧಾರಾಳ, ಎರಡೂ ಕರುಳಿನ ಬ್ಯಾಕ್ಟೀರಿಯಾವನ್ನು ಅಲ್ಲಾಡಿಸುತ್ತವೆ.

ಬಿಸಿಲಿಗೆ ಕೆಡುತ್ತದೆ ಅನ್ನುವವರ ಬಾಯಿ ಮುಚ್ಚಿಸಲು ಒಂದು ಪ್ರಯೋಗ ಮಾಡಿದೆ. ನಮ್ಮ ಲ್ಯಾಬಿನವರದೇ ಸ್ಯಾಂಪಲ್ ಎರಡು ಭಾಗ ಮಾಡಿ, ಒಂದನ್ನು ಫ್ರೀಜರ್‌ನಲ್ಲಿ, ಇನ್ನೊಂದನ್ನು ಎಥನಾಲ್‌ನಲ್ಲಿ ಹಾಕಿ ಏಪ್ರಿಲ್ ಬಿಸಿಲು ಬೀಳುವ ಕಿಟಕಿ ಪಕ್ಕ ವಾರಗಟ್ಟಲೆ ಇಟ್ಟೆ. ಇಬ್ಬರು ಮನುಷ್ಯರ ನಡುವೆ ಕಾಣುವ ವ್ಯತ್ಯಾಸದ ಮುಂದೆ ಈ ಎರಡು ಭಾಗಗಳ ವ್ಯತ್ಯಾಸ ಏನೇನೂ ಅಲ್ಲ.

ದುಡ್ಡು. ಮೈನಸ್ 80 ಫ್ರೀಜರ್‌ಗೆ ನಾವು ಕೇಳಿದಾಗ ಏಳು ಲಕ್ಷದ ಆಸುಪಾಸು ಹೇಳಿದ್ದರು, ಯುಪಿಎಸ್ ಬೇರೆ. ಹೊರದೇಶದ ರೆಡಿಮೇಡ್ ಟ್ಯೂಬ್ ಒಂದಕ್ಕೆ ಆಗ ಒಂದೂವರೆ ಎರಡು ಸಾವಿರ ಇತ್ತು. ನಮ್ಮ ಟ್ಯೂಬ್, ಎಥನಾಲ್, ಕಡ್ಡಿ, ಹಾಳೆ, ಜಿಪ್ ಕವರ್ ಎಲ್ಲ ಸೇರಿ 40 ರೂಪಾಯಿ ದಾಟಲಿಲ್ಲ. ಸೀಕ್ವೆನ್ಸಿಂಗ್ ಹೊರಗೆ ಕಳಿಸಿದ್ದಕ್ಕೆ ಸ್ಯಾಂಪಲ್‌ಗೆ ನಾಲ್ಕೈದು ಸಾವಿರ ಬಿತ್ತು, ಅಲ್ಲಿ ಉಳಿಸಲು ಆಗುವುದಿಲ್ಲ. ಅದಕ್ಕೇ ಮೊದಲು ಪಿಸಿಆರ್ ಮಾಡಿ ಪಾಸಾದದ್ದನ್ನು ಮಾತ್ರ ಕಳಿಸಿ. ಒಂದು ಕಡೆಯಿಂದ ಬಂದ ಡೇಟಾ ಬಳಸಲಾಗದಷ್ಟು ಕೆಟ್ಟಿತ್ತು, ದುಡ್ಡೂ ವಾಪಸ್ ಬರಲಿಲ್ಲ. ಆಮೇಲೆ ಪ್ರತಿ ಬ್ಯಾಚ್‌ಗೆ ಮೋಷನ್ ಇಲ್ಲದ ಖಾಲಿ ಎಥನಾಲ್ ಟ್ಯೂಬ್ ಒಂದನ್ನು ಬೇರೆ ನಂಬರ್ ಹಾಕಿ ಸೇರಿಸುತ್ತೇನೆ. ಡಿಎನ್‌ಎ ತೆಗೆಯುವ ಕಿಟ್‌ನಿಂದಲೇ ಬರುವ ಬ್ಯಾಕ್ಟೀರಿಯಾ ಡಿಎನ್‌ಎ ಅದರಲ್ಲಿ ಸಿಕ್ಕಿಬೀಳುತ್ತದೆ.

ಡಿಎನ್‌ಎ ತೆಗೆಯುವಾಗ ಎಥನಾಲ್ ಪೂರ್ತಿ ಬಸಿಯಬೇಕು. ಬೀಡ್ (ಸಣ್ಣ ಗಟ್ಟಿ ಮಣಿ) ಹಾಕಿ ಜಜ್ಜದೆ ಇದ್ದರೆ ದಪ್ಪ ಗೋಡೆಯ ಗ್ರಾಂ-ಪಾಸಿಟಿವ್ ಬ್ಯಾಕ್ಟೀರಿಯಾ ಸರಿಯಾಗಿ ಒಡೆಯುವುದಿಲ್ಲ. ಬ್ಯೂಟಿರೇಟ್ ಮಾಡುವ ಮುಖ್ಯವಾದವೆಲ್ಲ ಆ ಗುಂಪಿನವೇ, ಅವೇ ಕಾಣದಿದ್ದರೆ ಏನು ಪ್ರಯೋಜನ? ಬೀಡ್ ಬೀಟರ್ ಕೊಳ್ಳಲಿಲ್ಲ, ಟ್ಯೂಬ್ ಕುಲುಕುವ ಸಾದಾ ವೋರ್ಟೆಕ್ಸ್ ಮೇಲೆ ಅಡಾಪ್ಟರ್ ಕೂರಿಸಿದೆ. ಯಾವ ಗಾತ್ರದ ಬೀಡ್ ಎಷ್ಟೆಷ್ಟು ಅನ್ನುವುದು ನಮ್ಮ ಲ್ಯಾಬಿನ ಆಸ್ತಿ, ಸದ್ಯಕ್ಕೆ ಅದನ್ನು ಬಿಟ್ಟುಕೊಡುವುದಿಲ್ಲ.

ಹೋಲಿಕೆಗೆ ಹೊರದೇಶದ ಪಟ್ಟಿ ಇಟ್ಟುಕೊಳ್ಳಬೇಡಿ. ಮುದ್ದೆ, ಅನ್ನ, ಸೊಪ್ಪು ತಿನ್ನುವ ನಮ್ಮವರಲ್ಲಿ ಪ್ರಿವೊಟೆಲ್ಲ ಎಂಬ ಬ್ಯಾಕ್ಟೀರಿಯಾ ತುಂಬಿರುತ್ತದೆ, ಅಲ್ಲಿಯವರಲ್ಲಿ ಬ್ಯಾಕ್ಟೀರಾಯ್ಡಿಸ್ ಎಂಬುದು ಜಾಸ್ತಿ. ನಾನು ಅದೇ ಮನೆಯ ಗಂಡ ಅಥವಾ ಹೆಂಡತಿಯ ಸ್ಯಾಂಪಲ್ಲನ್ನೂ ತರಿಸುತ್ತೇನೆ. ಒಂದೇ ಅಡುಗೆಮನೆ, ಒಂದೇ ನೀರು. ಈ ಯೋಚನೆ ನನ್ನದೇ, ಅದರ ಬಗ್ಗೆ ನನಗೆ ಹೆಮ್ಮೆ ಇದೆ.

ಕಿಡ್ನಿಗೆ ಪೆಟ್ಟಾಯಿತು ಅನ್ನುವ ಲೆಕ್ಕ 2012ರ ಕೆಡಿಗೋ (ಕಿಡ್ನಿ ರೋಗದ ಅಂತರರಾಷ್ಟ್ರೀಯ ಮಾರ್ಗಸೂಚಿ) ಪ್ರಕಾರ: 48 ಗಂಟೆಯೊಳಗೆ ರಕ್ತದ ಕ್ರಿಯಾಟಿನಿನ್ ಡೆಸಿಲೀಟರ್‌ಗೆ 0.3 ಮಿಲಿಗ್ರಾಂ ಏರಬೇಕು, ಇಲ್ಲ ಏಳು ದಿನದೊಳಗೆ ಒಂದೂವರೆ ಪಟ್ಟು ಆಗಬೇಕು. ಮೊದಲ ದಿನದ ಕ್ರಿಯಾಟಿನಿನ್ ನಂಬಬೇಡಿ, ಪಂಪ್‌ನ ದ್ರವ ಸೇರಿ ರಕ್ತ ತೆಳುವಾಗಿ ಸಂಖ್ಯೆ ಇಳಿದಿರುತ್ತದೆ. ಮುಂಚಿನದು, ಆಮೇಲಿನದು ಒಂದೇ ಮೆಷಿನ್‌ನಲ್ಲಿ ಆಗಲಿ. ಮೂತ್ರದ ಅಳತೆಯಲ್ಲಿ ಲೇಸಿಕ್ಸ್ (ಮೂತ್ರ ಹೆಚ್ಚಿಸುವ ಔಷಧಿ) ಕೊಟ್ಟ ಗಂಟೆಗಳನ್ನು ಗುರುತು ಮಾಡಿಸಿ.

ಕೊನೆಗೆ ಒಂದು ಅಡ್ಡದಾರಿ. ಇಂಡಾಕ್ಸಿಲ್ ಸಲ್ಫೇಟ್ ಅಳೆಯಲು ಮಾಸ್ ಸ್ಪೆಕ್ ಯಂತ್ರ ಬೇಕು, ನಮ್ಮಲ್ಲಿಲ್ಲ. ಆದರೆ ಹಳೇ ಕಾಲದ ಇಂಡಿಕನ್ ಟೆಸ್ಟ್ ಅದನ್ನೇ ಹಿಡಿಯುವುದು. ಮೂತ್ರಕ್ಕೆ ಓಬರ್‌ಮೇಯರ್ ರೀಏಜೆಂಟ್ (ಆಸಿಡ್‌ನಲ್ಲಿ ಕರಗಿಸಿದ ಫೆರಿಕ್ ಕ್ಲೋರೈಡ್), ಆಮೇಲೆ ಕ್ಲೋರೋಫಾರ್ಮ್, ಕುಲುಕಿದರೆ ಕೆಳಗೆ ನೀಲಿ. ಲ್ಯಾಬಿನ ಹುಡುಗರು ಬೀಗರೂಟದಲ್ಲಿ ಮಾಂಸ ಉಂಡು ಬಂದ ಮಾರನೇ ದಿನ ಮಾಡಿದೆವು, ಬಣ್ಣ ಗಾಢವಾಗಿಯೇ ಬಂತು. ಮೂತ್ರ ಕೆಡದಂತೆ ಥೈಮಾಲ್ ಹಾಕಿದ್ದರೆ ನೇರಳೆ ಬಂದು ದಾರಿ ತಪ್ಪಿಸುತ್ತದೆ, ಹಾಕಬೇಡಿ. ಆಪರೇಷನ್‌ಗೆ ಮುಂಚೆ ಮಾತ್ರ ಇದನ್ನು ಓದಿ. ಕಿಡ್ನಿ ಸೋತ ಮೇಲೆ ಆ ಸರಕು ರಕ್ತದಲ್ಲೇ ನಿಲ್ಲುತ್ತದೆ, ಮೂತ್ರದಲ್ಲಿ ನೀಲಿ ಕಡಿಮೆಯಾದರೆ ಒಳ್ಳೆಯದಾಯಿತು ಅಂತ ಅರ್ಥವಲ್ಲ.

ಈಗ ಒಂದೂವರೆ ತಿಂಗಳ ನಂತರದ ಫಾಲೋಅಪ್‌ಗೂ ಟ್ಯೂಬ್ ಕೊಡಲು ಶುರು ಮಾಡಿದ್ದೇನೆ. ಮಳವಳ್ಳಿಯಿಂದ ಯಾರು ತರುತ್ತಾರೆ ಅಂದಿದ್ದ ಹಿರಿಯರು ತಮ್ಮ ಪಿಜಿ ವಿದ್ಯಾರ್ಥಿಯ ಥೀಸಿಸ್‌ಗೆ ಅಂತ ಮೊನ್ನೆ ಒಂದು ಬಾಕ್ಸ್ ಟ್ಯೂಬ್ ತಗೊಂಡು ಹೋದರು. ಆ ಹುಡುಗಿಗೆ ಬೀಡ್ ಅಳತೆಯನ್ನೂ ಹೇಳಿಕೊಟ್ಟೆ.