ಮೊದಲು ಪ್ಲಗ್ ಯಾವ ಕಡೆ ಇದೆ ನೋಡಿ: ಮನೆಗೆ ಕ್ರಿಸ್‌ಮಸ್ ಲೈಟು ಕಟ್ಟುವ ಬಗ್ಗೆ

ಮೊದಲ ಸಲ ಮನೆಗೆ ಕ್ರಿಸ್‌ಮಸ್ ಲೈಟು ಕಟ್ಟಿದಾಗ ಎರಡು ತಾಸು ಏಣಿ ಮೇಲೇ ಇದ್ದೆ. ಸೂರಿನ ಉದ್ದಕ್ಕೂ ಸರ ಎಳೆದು, ಕೊಕ್ಕೆಗೆ ಸಿಕ್ಕಿಸಿ, ಬೆವರು ಒರೆಸಿಕೊಂಡು ಕೆಳಗಿಳಿದೆ. ನೋಡಿದರೆ ಕೈಯಲ್ಲಿದ್ದದ್ದು ಸರದ ಬಾಲ. ಪ್ಲಗ್ ಮೇಲೆ, ಆ ಕೊನೆಯ ಮೂಲೆಯಲ್ಲಿ ನೇತಾಡುತ್ತಿತ್ತು. ಸಾಕೆಟ್ ಈ ಕಡೆ, ಬಾಗಿಲ ಪಕ್ಕ. ಏಣಿ ಹಿಡಿದು ನಿಂತಿದ್ದ ತಂಗಿಗೆ ನಗು ತಡೆಯಲಾಗಲಿಲ್ಲ. ಎಲ್ಲ ಬಿಚ್ಚಿ ಮತ್ತೆ ಕಟ್ಟಿದೆ.

ಅವತ್ತಿನಿಂದ ನನ್ನ ಕ್ರಮ ಬದಲಾಯಿತು. ಈಗ ಮುಕ್ಕಾಲು ಕೆಲಸ ನೆಲದ ಮೇಲೇ ಮುಗಿಯುತ್ತದೆ. ಏಣಿ ಹತ್ತುವುದು ಕೊನೆಗೆ.

ಮೊದಲು ಒಂದು ಹಗ್ಗ ತಗೊಳ್ಳಿ. ಸಾಕೆಟ್‌ನಿಂದ ಹೊರಟು, ಲೈಟು ಹೋಗಬೇಕಾದ ದಾರಿಯಲ್ಲೇ ಹಗ್ಗವನ್ನು ಒಯ್ಯಿರಿ. ಬಾಗಿಲ ಚೌಕಟ್ಟು, ಕಿಟಕಿ, ಮೂಲೆಯ ತಿರುವು, ಎಲ್ಲ ಸುತ್ತಿ. ಆಮೇಲೆ ಹಗ್ಗ ಅಳೆಯಿರಿ. ಬರೀ ಗೋಡೆಯ ಉದ್ದ ಅಳೆದರೆ ಯಾವಾಗಲೂ ಕಮ್ಮಿ ಬೀಳುತ್ತದೆ, ಏಕೆಂದರೆ ಸಾಕೆಟ್‌ನಿಂದ ಸೂರಿನವರೆಗಿನ ಏರನ್ನು ಎಲ್ಲರೂ ಮರೆಯುತ್ತಾರೆ.

ಎಲ್ಲಿ ಕಟ್ಟಬೇಕು? ನನ್ನ ಮಟ್ಟಿಗೆ, ಮನೆಯ ಒಂದೇ ಒಂದು ಗೆರೆ ಆರಿಸಿಕೊಳ್ಳಿ. ಸೂರಿನ ಅಂಚು, ಇಲ್ಲವೇ ಬಾಗಿಲು, ಇಲ್ಲವೇ ಮೆಟ್ಟಿಲ ರೇಲಿಂಗು. ಅದನ್ನು ನೇರವಾಗಿ, ಜೋತು ಬೀಳದ ಹಾಗೆ ಕಟ್ಟಿ. ಸುತ್ತ ಕತ್ತಲು ಇದ್ದರೇ ಬೆಳಕಿಗೆ ಚೆಂದ. ಕಿಟಕಿ, ಗೇಟು, ಗಿಡ, ಕಂಬ ಎಲ್ಲಕ್ಕೂ ಸುತ್ತಿದರೆ ಯಾವುದನ್ನು ನೋಡಬೇಕು ಅಂತಲೇ ಗೊತ್ತಾಗುವುದಿಲ್ಲ.

ಬಣ್ಣದ ವಿಷಯದಲ್ಲಿ ಒಂದು ಗೊಂದಲ ಇದೆ. ಬಿಳಿ ಲೈಟಿನ ಡಬ್ಬಿ ಮೇಲೆ ‘ಕೆಲ್ವಿನ್’ ಅಂತ ಒಂದು ಸಂಖ್ಯೆ ಇರುತ್ತದೆ. ಸಂಖ್ಯೆ ಕಮ್ಮಿ ಆದಷ್ಟೂ ಬೆಳಕು ಹಳದಿ. 2700 ಅಂದರೆ ಹಳೇ ಬಲ್ಬಿನ ಬೆಚ್ಚಗಿನ ಬೆಳಕು. 6000 ದಾಟಿದರೆ ನೀಲಿ ಕಲೆತ ಬಿಳಿ, ನನಗೆ ಅದು ಆಪರೇಷನ್ ಥಿಯೇಟರ್ ನೆನಪಿಸುತ್ತದೆ. ಯಾವುದಾದರೂ ಸರಿ, ಎರಡನ್ನೂ ಒಂದೇ ಕಡೆ ಬೆರೆಸಬೇಡಿ. ಇನ್ನು ಮಿಣಕ್ ಮಿಣಕ್ ಅನ್ನುವ ಎಂಟು ಥರದ ಆಟಗಳಿರುತ್ತವಲ್ಲ, ಮಕ್ಕಳಿಗಾಗಿ ಹತ್ತು ನಿಮಿಷ ಹಾಕಿ, ಆಮೇಲೆ ಸ್ಥಿರವಾಗಿ ಉರಿಯಲು ಬಿಡಿ.

ಈಗ ಪರೀಕ್ಷೆ. ಎಲ್ಲ ಸರಗಳನ್ನೂ ನೆಲದ ಮೇಲೆ ಹರಡಿ. ವೈರನ್ನು ಬೆರಳ ಮಧ್ಯೆ ಎಳೆಯುತ್ತಾ ಹೋಗಿ. ಬಿರುಕು ಬಿಟ್ಟಿದ್ದರೆ, ಇಲಿ ಕಡಿದಿದ್ದರೆ ಆ ಸರ ಬಿಸಾಡಿ. ಟೇಪು ಸುತ್ತಿ ಬಳಸುವ ಉಳಿತಾಯ ಬೇಡ. ಸರಿ ಇರುವುದನ್ನು ಪ್ಲಗ್‌ಗೆ ಹಾಕಿ ಅರ್ಧ ಗಂಟೆ ಉರಿಸಿ.

ಅರ್ಧ ಸರ ಉರಿದು ಅರ್ಧ ಆರಿದ್ದರೆ ಗಾಬರಿ ಬೇಡ. ಸೀರಿಯಲ್ ಸೆಟ್ ಅನ್ನುತ್ತೇವಲ್ಲ, ಕಾರಣ ಆ ಹೆಸರಿನಲ್ಲೇ ಇದೆ. ಬಲ್ಬುಗಳು ಒಂದರ ಹಿಂದೆ ಒಂದು ಸಾಲಾಗಿ ಇರುತ್ತವೆ, ಕರೆಂಟು ಒಂದನ್ನು ದಾಟಿಯೇ ಇನ್ನೊಂದಕ್ಕೆ ಹೋಗಬೇಕು. ಉದ್ದದ ಸರದಲ್ಲಿ ಇಂಥ ಎರಡು ಮೂರು ಸಾಲು ಇರುತ್ತವೆ. ಅದಕ್ಕೇ ಒಂದು ಭಾಗ ಮಾತ್ರ ಆರುವುದು. ಹಳೇ ಥರದ ಪುಟ್ಟ ಬಲ್ಬಿನ ಬುಡದಲ್ಲಿ ಒಂದು ಸಣ್ಣ ತಂತಿಯೂ ಇರುತ್ತದೆ. ಒಳಗಿನ ಎಳೆ ಸುಟ್ಟರೂ ಆ ತಂತಿ ಕರೆಂಟನ್ನು ಮುಂದೆ ಕಳಿಸುತ್ತದೆ. ಆದರೆ ಬಲ್ಬೇ ಸಡಿಲ ಆಗಿದ್ದರೆ ತಂತಿ ಏನು ಮಾಡೀತು? ಹಾಗಾಗಿ ಪ್ಲಗ್ ಕಿತ್ತು, ಆರಿದ ಭಾಗದ ಒಂದೊಂದೇ ಬಲ್ಬನ್ನು ಒತ್ತುತ್ತಾ ಹೋಗಿ. ನನಗೆ ಎಷ್ಟೋ ಸಲ ಇಷ್ಟರಲ್ಲೇ ಸರಿ ಹೋಗಿದೆ. ಸುಟ್ಟ ಬಲ್ಬು ಸಿಕ್ಕರೆ ಬೇಗ ಬದಲಿಸಿ. ಅದರ ಪಾಲಿನ ವೋಲ್ಟೇಜು ಉಳಿದವಕ್ಕೆ ಹಂಚಿಹೋಗಿ, ಅವೂ ಬೇಗ ಸುಡುತ್ತವೆ.

ಎಲ್‌ಇಡಿ ಸರಕ್ಕೆ ಕರೆಂಟು ಬಹಳ ಕಮ್ಮಿ ಸಾಕು. ಹಾಗಂತ ಒಂದರ ಬಾಲಕ್ಕೆ ಇನ್ನೊಂದನ್ನು ಸಿಕ್ಕಿಸುತ್ತಲೇ ಹೋಗಬೇಡಿ. ಎಲ್ಲದರ ಕರೆಂಟೂ ಮೊದಲ ಸರದ ತೆಳು ವೈರಿನಲ್ಲೇ ಹರಿಯಬೇಕು. ಎಷ್ಟು ಜೋಡಿಸಬಹುದು ಅಂತ ಪ್ಲಗ್ ಹತ್ತಿರದ ಚೀಟಿಯಲ್ಲಿ ಅಥವಾ ಡಬ್ಬಿ ಮೇಲೆ ಇರುತ್ತದೆ. ಎಕ್ಸ್‌ಟೆನ್ಷನ್ ರೀಲ್ ಬಳಸುವುದಾದರೆ ವೈರನ್ನು ಪೂರ್ತಿ ಬಿಚ್ಚಿ ಹಾಕಿ. ಸುತ್ತಿದ ಸುರುಳಿಯಲ್ಲಿ ಶಾಖ ಹೊರಗೆ ಹೋಗಲು ದಾರಿ ಇರುವುದಿಲ್ಲ.

ಹೊರಗೆ ಕಟ್ಟುವ ಲೈಟಿಗೆ ಕನಿಷ್ಠ ಐಪಿ44 ಗುರುತು ಇರಲಿ, ಅಂದರೆ ನೀರು ಸಿಡಿದರೂ ತಡೆಯುತ್ತದೆ. ಮಳೆ ನೇರ ಬಡಿಯುವ ಕಡೆ ಐಪಿ65 ಒಳ್ಳೆಯದು. ಜೋಡಣೆಗಳು ನೆಲಕ್ಕೆ ತಾಗಬಾರದು. ಸಾಕೆಟ್‌ಗೆ ಬರುವ ಮುನ್ನ ವೈರು ಸ್ವಲ್ಪ ಕೆಳಗೆ ಜೋತು ಮೇಲೇರಲಿ. ಆಗ ವೈರಿನ ಮೇಲೆ ಹರಿದು ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಸಾಕೆಟ್ ಒಳಗೆ ಹೋಗುವುದಿಲ್ಲ. 30 ಮಿಲಿ ಆಂಪಿಯರ್‌ನ ಲೀಕೇಜ್ ಬ್ರೇಕರ್ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಇರುವ ಸಾಕೆಟ್ ಆದರೆ ಇನ್ನೂ ನೆಮ್ಮದಿ. ಮೊಳೆ, ಸ್ಟೇಪಲ್ ಯಾವುದೂ ಬೇಡ. ಪ್ಲಾಸ್ಟಿಕ್ ಕೊಕ್ಕೆ ಸಾಕು.

ಏಣಿ: ನಾಲ್ಕು ಅಡಿ ಎತ್ತರಕ್ಕೆ ಬುಡ ಗೋಡೆಯಿಂದ ಒಂದು ಅಡಿ ಹೊರಗೆ. ಕೆಳಗೆ ಒಬ್ಬರು. ಕೈ ಚಾಚಿ ಎಟುಕಿಸಿಕೊಳ್ಳುವ ಬದಲು ಇಳಿದು ಏಣಿಯನ್ನೇ ಸರಿಸಿ.

ಮನೆಯೊಳಗಿನ ಕ್ರಿಸ್‌ಮಸ್ ಮರಕ್ಕೆ ಲೈಟು ಸುತ್ತುವ ಕೆಲಸ ನನಗೆ ಹೆಚ್ಚು ಇಷ್ಟ. ಲೈಟು ಮೊದಲು, ಗೊಂಬೆ ಗಂಟೆಗಳೆಲ್ಲ ಆಮೇಲೆ. ಬುಡದಿಂದ ಶುರು ಮಾಡಿ. ಸುಮ್ನೆ ಸೀರೆ ಸುತ್ತಿದ ಹಾಗೆ ಹೊರಗಿನಿಂದ ಸುತ್ತಿದರೆ ಮರ ಚಪ್ಪಟೆ ಕಾಣುತ್ತದೆ. ಸರವನ್ನು ಕೊಂಬೆಯ ಒಳಗೆ ಕಾಂಡದವರೆಗೆ ಒಯ್ದು, ಮತ್ತೆ ತುದಿಗೆ ತಂದು, ಮುಂದಿನ ಕೊಂಬೆಗೆ ಹೋಗಿ. ನಿಧಾನ ಆಗುತ್ತದೆ, ಆದರೆ ಒಳಗಿನಿಂದ ಬೆಳಕು ಬರುತ್ತದೆ. ಮರದ ಒಂದು ಅಡಿ ಎತ್ತರಕ್ಕೆ ನೂರು ಪುಟ್ಟ ದೀಪ ಅನ್ನುವುದು ರೂಢಿಯ ಲೆಕ್ಕ. ಆರು ಅಡಿ ಮರಕ್ಕೆ ಆರುನೂರು. ನಾನು ನಾನೂರಕ್ಕೇ ನಿಲ್ಲಿಸುತ್ತೇನೆ. ಕಮ್ಮಿ ಆಯ್ತು ಅನ್ನುವವರಿಗೆ ಎಡಿಸನ್ ಜೊತೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಜಾನ್ಸನ್ ಕಥೆ ಹೇಳುತ್ತೇನೆ. 1882ರಲ್ಲಿ ನ್ಯೂಯಾರ್ಕಿನ ತನ್ನ ಮನೆಯಲ್ಲಿ ಆತ ಕ್ರಿಸ್‌ಮಸ್ ಮರಕ್ಕೆ ಕರೆಂಟಿನ ದೀಪ ಹಾಕಿದ. ಕೆಂಪು, ಬಿಳಿ, ನೀಲಿ ಸೇರಿ 80 ಬಲ್ಬು, ಅಷ್ಟೇ. ಮರ ತಿರುಗುವ ಹಾಗೆಯೂ ಮಾಡಿದ್ದ. ತಿರುಗಿಸುವ ಉಸಾಬರಿ ನಿಮಗೆ ಬೇಡ ಬಿಡಿ.

ಕಟ್ಟಿದ ಮೇಲೆ ರೂಮಿನ ಲೈಟು ಆರಿಸಿ, ಹತ್ತು ಹೆಜ್ಜೆ ಹಿಂದೆ ಹೋಗಿ, ಕಣ್ಣು ಅರೆ ಮುಚ್ಚಿ ನೋಡಿ. ಕಪ್ಪು ತೂತುಗಳು ಎದ್ದು ಕಾಣುತ್ತವೆ. ಅಲ್ಲಿಗೆ ಪಕ್ಕದ ಎಳೆಯನ್ನು ಸ್ವಲ್ಪ ಜರುಗಿಸಿದರೆ ಮುಗಿಯಿತು. ಹೊರಗಿನ ಲೈಟನ್ನೂ ಹೀಗೇ ರಸ್ತೆಯ ಆಚೆಯಿಂದ ನೋಡಿ. ಎದುರು ಮನೆಯವರ ಮಲಗುವ ಕೋಣೆಗೆ ಬೆಳಕು ನುಗ್ಗುತ್ತದೆಯಾ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ, ಅಲ್ವಾ? ಒಂದು ಟೈಮರ್ ಹಾಕಿ ರಾತ್ರಿ ಹತ್ತಕ್ಕೆ ಆರುವಂತೆ ಮಾಡಿಬಿಡಿ.

ಬಿಚ್ಚುವಾಗ ಸರವನ್ನು ಉಂಡೆ ಮಾಡಿ ಡಬ್ಬಿಗೆ ತುರುಕಬೇಡಿ. ಒಂದು ರಟ್ಟಿನ ತುಂಡಿಗೆ ಎರಡೂ ಬದಿ ಕಚ್ಚು ಮಾಡಿ, ಬಾಲದಿಂದ ಸುತ್ತಲು ಶುರು ಮಾಡಿ. ಆಗ ಪ್ಲಗ್ ಹೊರಗೆ ಉಳಿಯುತ್ತದೆ, ಮುಂದಿನ ವರ್ಷ ಅದೇ ಮೊದಲು ಕೈಗೆ ಸಿಗುತ್ತದೆ. ರಟ್ಟಿನ ಮೇಲೆ ‘ಮುಂಬಾಗಿಲು, 5 ಮೀಟರ್’ ಅಂತ ಪೆನ್ನಿನಲ್ಲಿ ಬರೆದಿಡಿ. ನನ್ನ ಒಂದು ರಟ್ಟಿನ ಮೇಲೆ ತಂಗಿ ದೊಡ್ಡದಾಗಿ ಬಾಣದ ಗುರುತು ಹಾಕಿ, ‘ಪ್ಲಗ್ ಈ ಕಡೆ’ ಅಂತ ಬರೆದಿದ್ದಾಳೆ.